ಮಳೆಗಾಳಿಗಳಲ್ಲಿ ಸೌರಫಲಕಗಳು

ಗದಗಿನ ಸಮೀಪದ ಬಿಂಕದಕಟ್ಟಿ ಮೊದಲಾದ ಗ್ರಾಮಗಳ ಸೀಮೆಯು ಗಾಳಿಗೆ ಹೆಸರಾದುದು. ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ನಿಂತಿರುವುದೇ ಇದಕ್ಕೆ ಸಾಕ್ಷಿ. ಇಲ್ಲಿ ಕೊಳವೆಬಾವಿಗೆ ಸೌರಪಂಪನ್ನು ಹೂಡಬಯಸುವ ಒಕ್ಕಲಿಗನು ಮೊದಲು ಕೇಳುವುದು, ಮೋಡದ ದಿನ ನೀರು ಬರುವುದೇ ಎಂಬುದನ್ನು. ಪ್ರಶ್ನೆಯು ಯುಕ್ತವಾದುದೇ. ಆದರೆ ಫಲಕಗಳಿಗೆ ಹೆಚ್ಚಿನ ಅಪಾಯವಿರುವುದು ಮೋಡದಿಂದಲ್ಲ, ಗಾಳಿಯಿಂದ.

ಫಲಕವು ಕೆಲಸಮಾಡುವುದು ಬೆಳಕಿನಿಂದ, ಬಿಸಿಯಿಂದಲ್ಲ. ದಟ್ಟವಾದ ಮೋಡ ಕವಿದಾಗಲೂ ಅದರಲ್ಲಿ ಅಷ್ಟಿಷ್ಟು ವಿದ್ಯುತ್ತು ಹುಟ್ಟುವುದು. ಆದರೆ ಆಳದಿಂದ ನೀರೆತ್ತಲು ಪಂಪಿಗೆ ಒಂದು ಕನಿಷ್ಠ ವೇಗವು ಬೇಕು. ಅದಕ್ಕಿಂತ ಕಡಿಮೆಯಾದರೆ ಪಂಪು ತಿರುಗಿದರೂ ನೀರು ಮೇಲೇರದು. ಆದುದರಿಂದ ಬಿಸಿಲಿರುವ ದಿನಗಳಲ್ಲಿಯೇ ಕೃಷಿಹೊಂಡವನ್ನು ತುಂಬಿಸಿಡುವುದು ಲೇಸು. ಉರಿಬಿಸಿಲೂ ನಿರಪಾಯವಲ್ಲ. ಫಲಕದ ಶಕ್ತಿಯನ್ನು ಗುರುತಿಸುವುದು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಫಲಕವು 60 ಡಿಗ್ರಿಗೆ ಕಾದರೆ ಸುಮಾರು ಎಂಟರಲ್ಲೊಂದು ಪಾಲು ಶಕ್ತಿ ನಷ್ಟವಾಗುವುದು. ಮಳೆಯಾದರೋ ಫಲಕವನ್ನು ತಣಿಸಿ, ಎರೆಹೊಲದ ಧೂಳನ್ನೂ ತೊಳೆದುಬಿಡುವುದು!

ಆಲಿಕಲ್ಲಿನ ಭಯವು ಸಾಮಾನ್ಯವಾಗಿ ಅತಿಯಾದುದು. ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 25 ಮಿಲಿಮೀಟರು ವ್ಯಾಸದ ಹಿಮಗುಂಡನ್ನು ಸೆಕೆಂಡಿಗೆ 23 ಮೀಟರು ವೇಗದಲ್ಲಿ ಗಾಜಿಗೆ ಹೊಡೆದು ನೋಡುವರು. ಅದಕ್ಕಿಂತ ದಪ್ಪನಾದ ಕಲ್ಲು ಬಿದ್ದಲ್ಲಿ ಗಾಜು ಒಡೆಯದಿದ್ದರೂ ಒಳಗಿನ ಬಿಲ್ಲೆಗಳಲ್ಲಿ ಕಣ್ಣಿಗೆ ಕಾಣದ ಸೀಳುಗಳು ಉಂಟಾಗಬಹುದು.

ಗಾಳಿಯ ವಿಷಯ ಬೇರೆ. ಫಲಕಗಳನ್ನು ತೆಂಕಣಕ್ಕೆ ಮುಖಮಾಡಿ ಓರೆಯಾಗಿ ನಿಲ್ಲಿಸುವುದರಿಂದ, ಬಡಗಣಿಂದ ಬೀಸುವ ಬಿರುಗಾಳಿಯು ಬೆನ್ನಿನಡಿ ನುಗ್ಗಿ ಅವನ್ನು ಎತ್ತಲೆಳಸುವುದು. ಬೇಸಿಗೆಯ ಅಡ್ಡಮಳೆಯ ಗಾಳಿಗೆ ದಿಕ್ಕಿನ ನಿಯಮವೆಲ್ಲಿಯದು? ಈ ಸೀಮೆಯ ಅಕ್ಷಾಂಶಕ್ಕೆ ಸುಮಾರು 15 ಡಿಗ್ರಿಗಳ ಓರೆಯು ಸಾಕಾಗುವುದು; ಹೆಚ್ಚು ಎತ್ತಿದಷ್ಟೂ ಗಾಳಿಯ ಹೊಡೆತ ಹೆಚ್ಚು. ಮಸಾರಿ ನೆಲದಲ್ಲಿ ಕಂಬಗಳು ಗಟ್ಟಿಯಾಗಿ ನಿಲ್ಲುವುವು. ಎರೆನೆಲವು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ, ಮೇಲುಮೇಲಿನ ಬುನಾದಿಯು ವರುಷವರುಷಕ್ಕೆ ಸಡಿಲಗೊಂಡು ಕಂಬವು ವಾಲುವುದು. ಅಲ್ಲಿ ಬಿರಿಯುವ ಪದರವನ್ನು ದಾಟಿ ಗಟ್ಟಿನೆಲ ಸಿಕ್ಕುವವರೆಗೂ ಅಗೆದು ಕಾಂಕ್ರೀಟು ಹಾಕಿಸತಕ್ಕದ್ದು. ಈ ಖರ್ಚನ್ನು ಉಳಿಸಹೋಗುವುದು ಜಾಣತನವಲ್ಲ.

ಮುಂಗಾರಿಗೆ ಮೊದಲು ಎಲ್ಲ ಬೋಲ್ಟುಗಳನ್ನೂ ಬಿಗಿದು, ಸಿಡಿಲಿನ ರಕ್ಷಣೆಗಾಗಿ ಹಾಕಿದ ಭೂಸಂಪರ್ಕದ ತಂತಿಯು ತುಂಡಾಗಿದೆಯೋ ಎಂದು ನೋಡಿಸಬೇಕು. ಬಿರುಗಾಳಿಯ ತರುವಾಯ ಫಲಕವು ಉರುಳಿಬಿದ್ದಿದ್ದರೆ ಅಥವಾ ಗಾಜು ಒಡೆದಿದ್ದರೆ ಮನೆಯವರು ಯಾರೂ ಅದನ್ನು ಮುಟ್ಟಬಾರದು. ಪಂಪನ್ನು ನಿಲ್ಲಿಸಿದ್ದರೂ ಬೆಳಕು ಬಿದ್ದಷ್ಟು ಹೊತ್ತೂ ಫಲಕದಲ್ಲಿ ವಿದ್ಯುತ್ತು ಇದ್ದೇ ಇರುವುದು. ತೊಯ್ದ ನೆಲದ ಮೇಲೆ ನಿಂತವನಿಗೆ ಅದು ಪ್ರಾಣಾಂತಕವಾಗಬಹುದು. ಕೆಲಸ ಬಲ್ಲವನು ಬಂದು ತಂತಿಗಳನ್ನು ಬಿಡಿಸುವವರೆಗೆ ಮಕ್ಕಳನ್ನೂ ದನಕರುಗಳನ್ನೂ ಅತ್ತ ಸುಳಿಯಗೊಡಬಾರದು.