ಗೋಡೆಗೊರಗಿದ ಗಾಜಿನ ಮನೆ

ವಿದ್ಯಾರ್ಥಿಗಳೇ, 1889ರಲ್ಲಿ ಅಸ್ತಿಭಾರ ಹಾಕಿದ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯು ಫಲಪುಷ್ಪ ಪ್ರದರ್ಶನದ ತಾಣ. ಇಂಗ್ಲೆಂಡಿನಂತಹ ಶೀತದೇಶಗಳಲ್ಲಾದರೋ ಗಾಜಿನ ಮನೆಯು ಎಳೆಯ ಸಸಿಗಳ ಪ್ರಾಣರಕ್ಷಕ. ಸಣ್ಣ ಕೈತೋಟವುಳ್ಳವರು ಮನೆಯ ಗೋಡೆಗೆ ಒರಗಿಸಿ ಗಾಜಿನ ಇಳಿಮಾಡು ಕಟ್ಟುವರು. ಒಂದು ಪಾರ್ಶ್ವಕ್ಕೆ ಗೋಡೆಯೇ ಆಸರೆಯಾಗುವುದರಿಂದ ಸ್ಥಳವೂ ಗಾಜೂ ಉಳಿಯುವುವು.

ಆದರೆ ಯಾವ ಗೋಡೆಯನ್ನು ಆರಿಸಬೇಕು? ಅಲ್ಲಿ ಚಳಿಗಾಲದ ಸೂರ್ಯನು ದಕ್ಷಿಣದಲ್ಲಿ ತಗ್ಗಾಗಿ ಚಲಿಸುವನು. ಆದುದರಿಂದ ದಕ್ಷಿಣಕ್ಕೆ ಮುಖಮಾಡಿದ ಇಟ್ಟಿಗೆಯ ಗೋಡೆಯೇ ಶ್ರೇಷ್ಠ. ಅದು ಹಗಲು ಹೀರಿದ ಬಿಸಿಯನ್ನು ರಾತ್ರಿ ಮೆಲ್ಲನೆ ಹೊರಸೂಸುವುದು. ಉತ್ತರಕ್ಕೆ ಮುಖಮಾಡಿದ ಗೋಡೆಗೆ ಬಿಸಿಲು ಸಾಲದು. ಅಲ್ಲಿ ಜರೀಗಿಡಗಳು ಬೆಳೆದಾವೇ ಹೊರತು ಟೊಮೇಟೊ ಚೆನ್ನಾಗಿ ಹಣ್ಣಾಗದು. ಮಾಡಿನಲ್ಲಿ ತೆರೆಯುವ ಕಿಂಡಿಯೂ ಇರಬೇಕು. ಇಲ್ಲವಾದರೆ ಬೇಸಗೆಯಲ್ಲಿ ಕಾದ ಗಾಳಿ ಹೊರಹೋಗದೆ, ಕಾಪಾಡಬೇಕಾದ ಮನೆಯೇ ಸಸಿಗಳನ್ನು ಬಾಡಿಸುವುದು. ಹಣ ತೆರುವ ಮುನ್ನ ಗೋಡೆಯ ಬಿಸಿಲು ನೆರಳುಗಳನ್ನು ಗಮನಿಸುವುದೇ ಜಾಣತನ.