ಮಲ್ಪೆಯ ಕಡಲಿನಲ್ಲಿ ಒಂದು ದಿನ

ನೆಲದ ಮೇಲೆ ನಿಂತು ಕಡಲನ್ನು ನೋಡಿದವರು ಬಹಳ ಮಂದಿ. ಕಡಲಿನ ಮೇಲಿಂದ ನೆಲವನ್ನು ನೋಡಿದವರು ಕೆಲವರೇ. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಆ ಭಾಗ್ಯ ಲಭಿಸಿದುದು, ಒಂದು ಜನವರಿ ತಿಂಗಳಿನಲ್ಲಿ ಶಾಲೆಯ ಮಕ್ಕಳನ್ನು ಉಡುಪಿಯ ಸಮೀಪದ ಮಲ್ಪೆಗೆ ಕರೆದೊಯ್ದಾಗ.

ಬೆಳಗಿನ ಹೊತ್ತು ನಮ್ಮ ಮೋಟಾರು ದೋಣಿ ಬಂದರನ್ನು ಬಿಟ್ಟು ಹೊರಟಿತು. ತೀರದ ಮನೆಗಳು ತೆಂಗಿನ ಮರಗಳ ಮರೆಯಲ್ಲಿ ಅಡಗಿದವು. ಅವುಗಳಾಚೆ ಪೂರ್ವದಲ್ಲಿ ಸಹ್ಯಾದ್ರಿಯು ನೀಲಿ ಗೆರೆಯಂತೆ ಮೂಡಿತು. ದೋಣಿ ಓಲಾಡಿದಾಗ ಬೆದರಿ ನನ್ನನ್ನು ಅಪ್ಪಿಕೊಂಡ ಹುಡುಗರೇ ತುಸು ಹೊತ್ತಿನಲ್ಲಿ ಅಲೆಗಳನ್ನು ಎಣಿಸತೊಡಗಿದರು. ಸುಮಾರು 6 ಕಿಲೋಮೀಟರು ಸಾಗಿದ ಮೇಲೆ ಸೇಂಟ್ ಮೇರಿ ದ್ವೀಪಗಳು ಎದುರಾದವು.

1498ರಲ್ಲಿ ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮನು ಕಲ್ಲಿಕೋಟೆಯಿಂದ ಹಿಂದಿರುಗುವಾಗ ಇಲ್ಲಿ ಇಳಿದು, ಮೇರಿ ಮಾತೆಯ ಹೆಸರಿನಲ್ಲಿ ಒಂದು ಕಂಬವನ್ನು ನೆಟ್ಟನೆಂದು ಪ್ರತೀತಿ. ಅವನು ನೆಟ್ಟ ಕಂಬ ಇಂದು ಕಾಣಸಿಗದು. ಪ್ರಕೃತಿ ನೆಟ್ಟ ಕಂಬಗಳು ಮಾತ್ರ ಹಾಗೆಯೇ ನಿಂತಿವೆ.

ಐದು, ಆರು, ಏಳು ಮುಖಗಳ ಆ ಕಲ್ಲುಕಂಬಗಳು ಶಿಲ್ಪಿ ಕಡೆದು ಜೋಡಿಸಿದಂತೆ ತೋರುತ್ತವೆ. ಬೇಸಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರುಕುಬಿಡುವುದನ್ನು ನೀವು ಕಂಡಿದ್ದೀರಷ್ಟೆ? ಅಂತೆಯೇ ಭೂಗರ್ಭದಿಂದ ಉಕ್ಕಿದ ಲಾವಾರಸವು ತಣಿಯುತ್ತ ಕುಗ್ಗಿ, ಬಿರುಕುಬಿಟ್ಟು ಕಂಬಗಳಾಯಿತು. ಇದು ನಡೆದುದು 8 ಕೋಟಿ ವರ್ಷಗಳಿಗೂ ಹಿಂದೆ, ಮಡಗಾಸ್ಕರ್ ಭೂಭಾಗವು ನಮ್ಮ ನಾಡಿನಿಂದ ಬೇರ್ಪಟ್ಟ ಕಾಲದಲ್ಲಿ. ಈ ಶಿಲೆಗಳನ್ನು ಇಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗೌರವಿಸಲಾಗಿದೆ.

ಅಷ್ಟರಲ್ಲಿ ಒಬ್ಬ ಹುಡುಗನು ಕಂಬವೊಂದರ ಅಂಚನ್ನು ಕಲ್ಲಿನಿಂದ ಕುಟ್ಟತೊಡಗಿದನು. ದೋಣಿ ನಡೆಸುವ ವೃದ್ಧ ತಾಂಡೇಲರು ಅವನ ಕೈ ಹಿಡಿದರು.

"ಒಂದು ಚೂರು ಹೋದರೆ ಏನು ಕಡಿಮೆಯಾಗುತ್ತದೆ ಅಜ್ಜಾ?" ಎಂದನು ಹುಡುಗ.

"ನಿನ್ನ ಹಾಗೆ ದಿನವೂ ಎಷ್ಟು ಮಂದಿ ಬರುತ್ತಾರೆ, ಗೊತ್ತುಂಟಾ ಮಗಾ? ಎಲ್ಲರೂ ಒಂದೊಂದು ಚೂರು ಕೊಂಡುಹೋದರೆ ನಿನ್ನ ಮಕ್ಕಳಿಗೆ ನಾನು ಏನನ್ನು ತೋರಿಸಲಿ?"

ಹುಡುಗನು ತಲೆತಗ್ಗಿಸಿದನು. ಆದರೆ ಆ ಮಾತು ನಾಟಿದುದು ನನಗೆ. ತರಗತಿಯಲ್ಲಿ ತೋರಿಸಲೆಂದು ನಾನೂ ಒಂದು ಕಲ್ಲಿನ ತುಣುಕನ್ನು ಆರಿಸಿ ಚೀಲದಲ್ಲಿ ಇಟ್ಟುಕೊಂಡಿದ್ದೆ. ಎಲ್ಲರ ಎದುರಿಗೇ ಅದನ್ನು ತೆಗೆದು ಸ್ವಸ್ಥಾನದಲ್ಲಿ ಇರಿಸಿದೆ. ತಾಂಡೇಲರು ಏನೂ ಹೇಳಲಿಲ್ಲ, ಸುಮ್ಮನೆ ನಕ್ಕರು.

ಸಂಜೆ ಮಲ್ಪೆಯ ಧಕ್ಕೆಯಲ್ಲಿ ಸುತ್ತಾಡಿದೆವು. ಮೀನುಗಾರರು ದೋಣಿಗಳಿಂದ ಬಂಗುಡೆ, ಬೂತಾಯಿಗಳ ಬುಟ್ಟಿಗಳನ್ನು ಇಳಿಸುತ್ತಿದ್ದರು. ಹೆಂಗಸರು ಗಟ್ಟಿದನಿಯಲ್ಲಿ ಬೆಲೆ ಕೂಗುತ್ತಿದ್ದರು. "ವರ್ಷವಿಡೀ ಹೀಗೆಯೇ ಮೀನು ಹಿಡಿಯುವಿರಾ?" ಎಂದು ಕೇಳಿದೆ. "ಇಲ್ಲ ಮಾಷ್ಟ್ರೇ, ಜೂನ್, ಜುಲೈ ತಿಂಗಳಲ್ಲಿ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮರಿ ಮಾಡುವ ಕಾಲ" ಎಂದರು ತಾಂಡೇಲರು. ಆ ತಿಂಗಳುಗಳಲ್ಲಿ ದುಡಿಮೆಯಿಲ್ಲದೆ ಕಷ್ಟವಾಗುವುದಿಲ್ಲವೆ ಎಂದುದಕ್ಕೆ, "ಕಷ್ಟ ಉಂಟು. ಆದರೆ ನಾಳೆಗೂ ಮೀನು ಬೇಕಲ್ಲ!" ಎಂದರು.

ಕತ್ತಲಾಗುವ ಹೊತ್ತಿಗೆ ನಾವು ಬರಿಗೈಯಲ್ಲಿ ಊರಿಗೆ ಹೊರಟೆವು. ಎಷ್ಟನ್ನು ತೆಗೆದುಕೊಳ್ಳಬೇಕು, ಎಷ್ಟನ್ನು ಬಿಟ್ಟುಬರಬೇಕು ಎಂಬುದನ್ನು ಮಕ್ಕಳಿಗೆ ಕಲಿಸಬೇಕಾದ ನಾನು, ಅದನ್ನು ಅಂದು ಒಬ್ಬ ತಾಂಡೇಲರಿಂದ ಕಲಿತೆ.

ಅಭ್ಯಾಸ
1. ಕಲ್ಲುಕಂಬಗಳು ರೂಪುಗೊಂಡ ಬಗೆಯನ್ನು ವಿವರಿಸಿರಿ.
2. ಲೇಖಕರು ಕಲ್ಲಿನ ತುಣುಕನ್ನು ಹಿಂದಕ್ಕೆ ಇರಿಸಿದುದೇಕೆ?
3. "ನಾಳೆಗೂ ಮೀನು ಬೇಕಲ್ಲ!" ಈ ಮಾತಿನ ಸ್ವಾರಸ್ಯವನ್ನು ತಿಳಿಸಿರಿ.