ಮೆಮೊರಿ ಸಾಲದು ಅಂದ್ರ ಯಾವ ಮೆಮೊರಿ? ಸಣ್ಣ ಮೇಲ್ ಸರ್ವರ್‌ನ ದೋಷ ಹುಡುಕುವ ಪಾಠ

"ರೀಸ್ಟಾರ್ಟ್ ಮಾಡ್ರಿ, ಸರಿ ಹೋಗ್ತದ." ಸರ್ವರ್ ಕೆಟ್ಟಾಗ ನಮ್ಮ ಕಡೆ ಮೊದಲು ಕೇಳಿಬರುವ ಮಾತಿದು. ಬಹಳ ಸಲ ಸರಿ ಹೋಗುವುದೂ ನಿಜ. ಆದರೆ ಮೆಮೊರಿ ದೋಷದ ವಿಷಯದಲ್ಲಿ ಈ ಮಾತು ನಮ್ಮನ್ನು ದಾರಿ ತಪ್ಪಿಸುತ್ತದೆ. ರೀಸ್ಟಾರ್ಟ್ ಮಾಡಿದರೆ ಯಾಕೆ ಸರಿ ಹೋಗುತ್ತದೆ, ಎರಡು ದಿನ ಬಿಟ್ಟು ಯಾಕೆ ಮತ್ತೆ ಕೆಡುತ್ತದೆ ಎಂಬುದನ್ನು ಈ ಪಾಠದಲ್ಲಿ ನೋಡೋಣ. ಆಪರೇಟಿಂಗ್ ಸಿಸ್ಟಮ್ಸ್ ಪುಸ್ತಕದಲ್ಲಿ ಓದಿದ ಪೇಜಿಂಗ್, ಸ್ವಾಪ್ ಎಲ್ಲ ಇಲ್ಲಿ ಕೆಲಸಕ್ಕೆ ಬರುತ್ತವೆ.

ಪಾಠಕ್ಕಾಗಿ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಭಾಲ್ಕಿಯಲ್ಲಿ ಒಂದು ಬೇಳೆ ಮಿಲ್, ಬೀದರ್‌ನಲ್ಲಿ ಅದರ ಕಚೇರಿ, ಔರಾದ್‌ನಲ್ಲಿ ಖರೀದಿ ಕೇಂದ್ರ. ಮೂರೂ ಕಡೆ ಸೇರಿ 20 ಮೇಲ್ ಖಾತೆ. ತಿಂಗಳ ಬಾಡಿಗೆ ಕಡಿಮೆ ಅಂತ 2 ಜಿಬಿ ರ‍್ಯಾಮ್ ಇರುವ ಲಿನಕ್ಸ್ ಸರ್ವರ್ ತಗೊಂಡಿದ್ದಾರೆ. ಸ್ವಾಪ್ ಇಟ್ಟಿಲ್ಲ. ಮೇಲ್ ಕಳಿಸಲು, ತೆಗೆದುಕೊಳ್ಳಲು ಪೋಸ್ಟ್‌ಫಿಕ್ಸ್. ಮೇಲ್ ಬಾಕ್ಸ್ ತೋರಿಸಲು ಡವ್‌ಕಾಟ್. ವೈರಸ್ ಪರೀಕ್ಷೆಗೆ ಕ್ಲಾಮ್‌ಎವಿ. ಜೊತೆಗೊಂದು ಸ್ಪ್ಯಾಮ್ ಫಿಲ್ಟರ್. ತೊಗರಿ ಸುಗ್ಗಿಯಲ್ಲಿ ಹೈದರಾಬಾದಿನ ವ್ಯಾಪಾರಿ ಬೆಳಿಗ್ಗೆ ದರ ಕೇಳಿ ಮೇಲ್ ಹಾಕುತ್ತಾನೆ. ಅದು ಸಂಜೆಗೆ ಬಂದರೆ ಏನು ಉಪಯೋಗ? ಅಷ್ಟೊತ್ತಿಗೆ ಅವನ ಲಾರಿ ಬೇರೆ ಮಿಲ್ಲಿನ ಮುಂದೆ ನಿಂತಿರುತ್ತದೆ.

ಮೊದಲು ಲೆಕ್ಕ ಹಾಕ್ರಿ

ಆಪರೇಟಿಂಗ್ ಸಿಸ್ಟಮ್ ಮತ್ತು ಪೋಸ್ಟ್‌ಫಿಕ್ಸ್ ಸೇರಿ 250 ಎಂಬಿ, ಡವ್‌ಕಾಟ್ 150, ಸ್ಪ್ಯಾಮ್ ಫಿಲ್ಟರ್ 250, ಕ್ಲಾಮ್‌ಎವಿಯ ಕ್ಲಾಮ್‌ಡಿ ಪ್ರೋಗ್ರಾಂ ಒಂದೇ 1200 ಎಂಬಿ ಅಂತ ಇಟ್ಟುಕೊಳ್ಳೋಣ. ಒಟ್ಟು 1850. ಇರುವುದು 2048. ಅಂದರೆ 200 ಎಂಬಿಯಷ್ಟು ಉಳಿಯಿತು, ಗಾಡಿ ಹೆಂಗೋ ನಡೀತದೆ ಅನ್ನಿಸುತ್ತದೆ.

ಇಲ್ಲೇ ಮೋಸ ಇರೋದು. ಕ್ಲಾಮ್‌ಡಿ ವೈರಸ್ ಗುರುತುಗಳ ಪಟ್ಟಿಯನ್ನು ಪೂರ್ತಿಯಾಗಿ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಅದರ ಜೊತೆಗಾರ ಫ್ರೆಶ್‌ಕ್ಲಾಮ್, ಮೂಲ ಸೆಟ್ಟಿಂಗ್‌ನಲ್ಲಿ ದಿನಕ್ಕೆ 12 ಸಲ ಹೊಸ ಪಟ್ಟಿ ಬಂದಿದೆಯೇ ಎಂದು ನೋಡುತ್ತದೆ. ಹೊಸದು ಸಿಕ್ಕರೆ ಕ್ಲಾಮ್‌ಡಿ ಅದನ್ನು ಲೋಡ್ ಮಾಡಬೇಕು. 2020ರಲ್ಲಿ ಬಂದ 0.103 ಆವೃತ್ತಿಯಿಂದ, ಹಳೆಯ ಪಟ್ಟಿಯಿಂದ ಪರೀಕ್ಷೆ ನಡೆಸುತ್ತಲೇ ಹೊಸದನ್ನು ಪಕ್ಕದಲ್ಲಿ ಲೋಡ್ ಮಾಡಿಕೊಳ್ಳುವ ವ್ಯವಸ್ಥೆ ಬಂತು. ಮೇಲ್ ತಡೆಯಾಗಬಾರದು ಎಂಬುದು ಉದ್ದೇಶ. ಆದರೆ ಆ ಸ್ವಲ್ಪ ಹೊತ್ತು ಎರಡೂ ಪಟ್ಟಿಗಳು ರ‍್ಯಾಮ್‌ನಲ್ಲಿ ಇರುತ್ತವೆ. 1850ಕ್ಕೆ ಇನ್ನೊಂದು 1200 ಕೂಡಿಸ್ರಿ: 3050. ಕ್ಲಾಮ್‌ಎವಿಯ ಅಧಿಕೃತ ಕೈಪಿಡಿ 3 ಜಿಬಿ ಅಥವಾ ಹೆಚ್ಚು ರ‍್ಯಾಮ್ ಕೇಳುವುದು ಸುಮ್ಮನೆ ಅಲ್ಲ.

ರ‍್ಯಾಮ್ ತೀರಿದಾಗ ಲಿನಕ್ಸ್ ಕರ್ನಲ್‌ನ ಓಓಎಂ ಕಿಲ್ಲರ್ ಎದ್ದು ಬರುತ್ತದೆ. ಮುಖ್ಯವಾಗಿ ಯಾವ ಪ್ರೊಸೆಸ್ ಹೆಚ್ಚು ಮೆಮೊರಿ ಹಿಡಿದಿದೆ ಎಂದು ನೋಡಿ ಅದನ್ನು ಕೊಲ್ಲುತ್ತದೆ. ಇಲ್ಲಿ ಸತ್ತದ್ದು ಕ್ಲಾಮ್‌ಡಿ. ಪರೀಕ್ಷೆ ಮಾಡುವವರು ಇಲ್ಲದ್ದರಿಂದ ಪೋಸ್ಟ್‌ಫಿಕ್ಸ್ ಹೊರಗಿನಿಂದ ಬಂದ ಮೇಲ್‌ಗೆ 451 ಸಂಕೇತ ಕೊಟ್ಟು "ಆಮೇಲೆ ಬಾ" ಅನ್ನುತ್ತದೆ. ಆಗ ನೀವು ರೀಸ್ಟಾರ್ಟ್ ಮಾಡುತ್ತೀರಿ. ಕ್ಲಾಮ್‌ಡಿ ಹೊಸದಾಗಿ ಏಳುವಾಗ ಲೋಡ್ ಆಗುವುದು ಒಂದೇ ಪಟ್ಟಿ! ಹಾಗಾಗಿ ಎಲ್ಲ ಸರಿ ಕಾಣುತ್ತದೆ, ಮುಂದಿನ ಹೊಸ ಪಟ್ಟಿ ಬರುವ ತನಕ. ರೀಸ್ಟಾರ್ಟ್‌ನಿಂದ ದೋಷ ಹೋಗಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೇ.

ಮೂರು ಬಗೆಯ ಸಾಲದು

ಲಾಗ್‌ನಲ್ಲಿ ಮೆಮೊರಿ ಎಂಬ ಪದ ಕಂಡ ಕೂಡಲೇ ರ‍್ಯಾಮ್ ಕೊಳ್ಳಲು ಓಡಬ್ಯಾಡ್ರಿ. ಬೇರೆ ಬೇರೆ ದೋಷಗಳು ಹೆಚ್ಚುಕಡಿಮೆ ಒಂದೇ ಮಾತಾಡುತ್ತವೆ.

1. ಯಂತ್ರದ ಮೆಮೊರಿ ತೀರಿದ್ದು. ಜರ್ನಲ್‌ಸಿಟಿಎಲ್ -ಕೆ ಅಥವಾ ಡಿಮೆಸೇಜ್ ಕೊಟ್ಟರೆ ಕರ್ನಲ್ ಲಾಗ್ ಕಾಣುತ್ತದೆ. ಅಲ್ಲಿ "ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್" ಎಂಬ ಸಾಲು ಇದ್ದರೆ ಇದು ಮೊದಲ ಬಗೆ. ಆ ಸಾಲು ಸತ್ತವನ ಹೆಸರು ಹೇಳುತ್ತದೆ, ತಪ್ಪಿತಸ್ಥನ ಹೆಸರನ್ನೇ ಹೇಳಬೇಕೆಂದಿಲ್ಲ. ಅದಕ್ಕಿಂತ ಮೇಲೆ ಎಲ್ಲ ಪ್ರೊಸೆಸ್‌ಗಳ ಪಟ್ಟಿ ಇರುತ್ತದೆ, ಅದನ್ನು ಓದ್ರಿ. ಅಲ್ಲಿನ ಆರ್‌ಎಸ್‌ಎಸ್ ಅಂಕಿ ಪೇಜ್‌ಗಳ ಲೆಕ್ಕ. ಪೇಜ್ 4 ಕೆಬಿ ಇದ್ದರೆ 4ರಿಂದ ಗುಣಿಸಿ. ಸಾಲಿನ ಮೊದಲಿಗೆ "ಮೆಮೊರಿ ಸಿಗ್ರೂಪ್" ಅಂತ ಇದ್ದರೆ, ಯಂತ್ರದಲ್ಲಿ ಜಾಗ ಇದ್ದರೂ ಆ ಕಂಟೇನರ್‌ಗೆ ಅಥವಾ ಸರ್ವಿಸ್‌ಗೆ ಹಾಕಿದ ಮಿತಿ ಮುಗಿದಿದೆ ಎಂದರ್ಥ.

2. ಪ್ರೋಗ್ರಾಂ ತಾನೇ ಹಾಕಿಕೊಂಡ ಮಿತಿ. ಔರಾದ್ ಕೇಂದ್ರದ ಒಂದೇ ಖಾತೆ ತೆರೆಯುತ್ತಿಲ್ಲ, ಉಳಿದವೆಲ್ಲ ಸರಿ ಅದಾವ ಅಂದ್ರ ಇದನ್ನು ಅನುಮಾನಿಸಿ. ಡವ್‌ಕಾಟ್ 2.3ರಲ್ಲಿ ಪ್ರತಿ ಪ್ರೊಸೆಸ್‌ಗೆ ವಿಎಸ್‌ಜೆಡ್ ಲಿಮಿಟ್ ಮೂಲತಃ 256 ಎಂಬಿ. ವರ್ಷಗಟ್ಟಲೆ ಅಳಿಸದ ದೊಡ್ಡ ಮೇಲ್ ಬಾಕ್ಸ್‌ನ ಕ್ಯಾಶ್ ಫೈಲ್ ಬೆಳೆದು ಈ ಗೋಡೆಗೆ ತಾಗುತ್ತದೆ. ಯಾವ ಮಿತಿ ಏರಿಸಬೇಕು ಎಂದು ಲಾಗ್ ತಾನೇ ಹೇಳುತ್ತದೆ. ಇಲ್ಲಿ 64 ಜಿಬಿ ರ‍್ಯಾಮ್ ಹಾಕಿದರೂ ದೋಷ ಹೋಗುವುದಿಲ್ಲ. ಆ ಒಂದು ಮಿತಿಯನ್ನು 512 ಎಂಬಿ ಮಾಡಿದರೆ ಬಹಳ ಸಲ ಸಾಕು.

3. ಮೆಮೊರಿಯೇ ಅಲ್ಲದ ದೋಷ. "452 4.3.1 ಇನ್‌ಸಫಿಶಿಯಂಟ್ ಸಿಸ್ಟಮ್ ಸ್ಟೋರೇಜ್" ಎಂದು ಪೋಸ್ಟ್‌ಫಿಕ್ಸ್ ಹೇಳಿದರೆ ಅದು ಡಿಸ್ಕ್ ವಿಷಯ. ಕ್ಯೂ ಇರುವ ಡಿಸ್ಕ್‌ನಲ್ಲಿ ಜಾಗ ಕಡಿಮೆಯಾಗಿದೆ. ಇನ್ನೊಂದು, 552 ಸಂಕೇತದ ಗಾತ್ರದ ಮಿತಿ. ಬಿದರಿ ಕಲೆಯ ಅಂಗಡಿಯವರು ಗಿರಾಕಿಗೆ 8 ಎಂಬಿ ಫೋಟೊ ಕಳಿಸುತ್ತಾರೆ ಅಂದುಕೊಳ್ಳಿ. ಬೇಸ್64 ರೂಪದಲ್ಲಿ ಪ್ರತಿ 3 ಬೈಟ್ 4 ಬೈಟ್ ಆಗುವುದರಿಂದ ಮೇಲ್ ಸುಮಾರು 10.7 ಎಂಬಿ ಆಗುತ್ತದೆ. ಪೋಸ್ಟ್‌ಫಿಕ್ಸ್‌ನ ಮೂಲ ಮಿತಿ 1,02,40,000 ಬೈಟ್. ಮೇಲ್ ಹೋಗುವುದಿಲ್ಲ, ರ‍್ಯಾಮ್‌ಗೂ ಇದಕ್ಕೂ ಸಂಬಂಧವಿಲ್ಲ.

ಫ್ರೀ -ಎಂ ಓದುವಾಗಲೂ ಎಚ್ಚರ ಇರಲಿ. ಫ್ರೀ ಕಾಲಂ ಸಣ್ಣದಿದ್ದರೆ ಗಾಬರಿ ಬೇಡ. ಲಿನಕ್ಸ್ ಖಾಲಿ ರ‍್ಯಾಮ್‌ನ್ನು ಡಿಸ್ಕ್ ಕ್ಯಾಶ್‌ಗೆ ಬಳಸುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ್ದು ಅವೈಲಬಲ್ ಕಾಲಂ.

ಪರಿಹಾರ, ಖರ್ಚಿಲ್ಲದ್ದರಿಂದ ಶುರು

ಕ್ಲಾಮ್‌ಡಿ ಸತ್ತ ಸಮಯ ಮತ್ತು ಫ್ರೆಶ್‌ಕ್ಲಾಮ್ ಹೊಸ ಪಟ್ಟಿ ತಂದ ಸಮಯ ಎರಡನ್ನೂ ಅಕ್ಕಪಕ್ಕ ಬರೆದುಕೊಳ್ಳಿ. ಮೂರು ಸಲ ಕೂಡಿಬಂದರೆ ಅನುಮಾನ ಗಟ್ಟಿಯಾಯಿತು. ಆಮೇಲೆ ಕ್ಲಾಮ್‌ಡಿ ಸೆಟ್ಟಿಂಗ್‌ನಲ್ಲಿ ಕನ್ಕರೆಂಟ್ ಡೇಟಾಬೇಸ್ ರೀಲೋಡ್ ಎಂಬುದನ್ನು "ನೋ" ಮಾಡಿ. ಲೋಡ್ ಆಗುವಷ್ಟು ಹೊತ್ತು ಪರೀಕ್ಷೆ ನಿಲ್ಲುತ್ತದೆ, ಮೇಲ್ ಸ್ವಲ್ಪ ಕಾಯುತ್ತದೆ, ಆದರೆ ಎರಡು ಪಟ್ಟಿಯ ಭಾರ ಇರುವುದಿಲ್ಲ.

ಎರಡನೆಯದು, 2 ಜಿಬಿ ಸ್ವಾಪ್ ಫೈಲ್. ಸ್ವಾಪ್ ಅಂದರೆ ಜಾತ್ರೆ ದಿನ ಅಂಗಳದಲ್ಲಿ ಹಾಕುವ ಚಪ್ಪರ ಇದ್ದಂತೆ. ಬಂದ ನೆಂಟರು ಒಂದು ರಾತ್ರಿ ಕಳೆಯಬಹುದು, ಸಂಸಾರ ಅಲ್ಲೇ ಹೂಡಲು ಆಗದು. ವಿಎಂಸ್ಟ್ಯಾಟ್ 1 ಕೊಟ್ಟು ಎಸ್‌ಐ, ಎಸ್‌ಓ ಕಾಲಂ ನೋಡಿ. ದಿನವಿಡೀ ಅಂಕಿ ಓಡುತ್ತಿದ್ದರೆ ಸ್ವಾಪ್‌ನಿಂದ ಕೆಲಸ ಆಗದು, ಈಗ ರ‍್ಯಾಮ್ 4 ಜಿಬಿ ಮಾಡಿಸುವುದು ನ್ಯಾಯ. ಆಗ ಮಾಲೀಕರ ಮುಂದೆ ಇಡಲು ನಿಮ್ಮ ಕೈಯಲ್ಲಿ ಲೆಕ್ಕ ಇರುತ್ತದೆ.

ಮಾಡಬಾರದ್ದೂ ಕೆಲವು ಇವೆ. ಗಂಟೆಗೊಮ್ಮೆ ತಾನೇ ರೀಸ್ಟಾರ್ಟ್ ಆಗುವಂತೆ ಕ್ರಾನ್ ಹಾಕಬ್ಯಾಡ್ರಿ, ಸುಳಿವೆಲ್ಲ ಅಳಿಸಿಹೋಗುತ್ತದೆ. ಮಾಲೀಕರಿಗೆ ಹೇಳದೆ ವೈರಸ್ ಪರೀಕ್ಷೆ ತೆಗೆಯಬ್ಯಾಡ್ರಿ. ಗಡಿಬಿಡಿಯಲ್ಲಿ ಕ್ಯೂ ಖಾಲಿ ಮಾಡಲೇಬ್ಯಾಡ್ರಿ, ಅದು ಬೇರೆಯವರ ವ್ಯವಹಾರ. 4ರಿಂದ ಶುರುವಾಗುವ ಎಸ್‌ಎಂಟಿಪಿ ಸಂಕೇತ ತಾತ್ಕಾಲಿಕ, 5ರಿಂದ ಶುರುವಾಗುವುದು ಕಾಯಂ. 451 ಪಡೆದ ಸರ್ವರ್ ಮೇಲ್ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್ ಆದರೆ ಮೂಲತಃ 5 ದಿನ. ಅಂದರೆ ಹೈದರಾಬಾದಿನ ಮೇಲ್ ಕಳೆದುಹೋಗಿಲ್ಲ, ತಡವಾಗಿದೆ. ಮೊದಲು ಬೀದರ್ ಕಚೇರಿಗೆ ಫೋನ್ ಮಾಡಿ "ಮೇಲ್ ತಡ ಅದ, ದರ ಫೋನ್‌ನಲ್ಲೇ ಹೇಳ್ರಿ" ಅನ್ನಿ. ಆಮೇಲೆ ಲಾಗ್ ತೆಗೀರಿ.

ಲ್ಯಾಬ್‌ನಲ್ಲಿ ಇದನ್ನೇ ಮಾಡಿ ನೋಡ್ರಿ. 2 ಜಿಬಿಯ ವರ್ಚುವಲ್ ಮಷೀನ್‌ನಲ್ಲಿ ಸ್ವಾಪ್ ತೆಗೆದು ಕ್ಲಾಮ್‌ಎವಿ ಹಾಕಿ. ಕ್ಲಾಮ್‌ಡಿಸ್ಕ್ಯಾನ್‌ನ ರೀಲೋಡ್ ಆಯ್ಕೆ ಕೊಡುವಾಗ ಪಕ್ಕದ ಕಿಟಕಿಯಲ್ಲಿ ಅವೈಲಬಲ್ ಅಂಕಿ ಇಳಿಯುವುದನ್ನು ಗಮನಿಸಿ. ಸೆಟ್ಟಿಂಗ್ ಬದಲಿಸಿ ಇನ್ನೊಮ್ಮೆ ಮಾಡಿ, ಎರಡೂ ಅಂಕಿ ಬರೆದಿಡಿ. ನಾಳೆ ಯಾರಾದರೂ "ರ‍್ಯಾಮ್ ಹೆಚ್ಚು ಮಾಡೋಣೇನು?" ಎಂದು ಕೇಳಿದಾಗ ಉತ್ತರಕ್ಕೆ ಮೊದಲು ನೀವು ಮೂರು ಪ್ರಶ್ನೆ ಕೇಳಬೇಕು: ಯಾವ ಮೆಮೊರಿ, ಯಾರ ಮಿತಿ, ಎಷ್ಟು ಗಂಟೆಗೆ?